ಒಳಗೆ ಕರ ಐತೇನೋ ನೋಡ್ಲಾ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯ ಊರುಗಳಲ್ಲಿ ಈಚೆಗೆ ಎದ್ದ ಮನೆಗಳ ಪಕ್ಕದಲ್ಲಿ ರೋಲಿಂಗ್ ಶಟರ್ ಕಾಣಿಸತೊಡಗಿದೆ. ಮೊದಲೆಲ್ಲ ಶಟರ್ ಎಂದರೆ ಗೊಬ್ಬರದ ಅಂಗಡಿಯದು, ಸೊಸೈಟಿಯದು. ಈಗ ಅದರ ಹಿಂದೆ ಕಾರು. 2023ರ ಮಾರ್ಚಿನಲ್ಲಿ ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತಲ್ಲ, ಆಮೇಲೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಶನಿವಾರ ಸಂಜೆ ಹೊರಟು ರಾತ್ರಿ ಊಟಕ್ಕೆ ಊರಲ್ಲಿರುತ್ತಾರೆ. ಬಂದ ಕಾರಿಗೆ ಜಾಗ ಬೇಕು. ಜಾಗ ಬರುವುದು ಕೊಟ್ಟಿಗೆಯಿಂದ. ಎತ್ತು ಮಾರಿ ಉಳುಮೆಗೆ ಟ್ರ್ಯಾಕ್ಟರ್ ಕರೆಸುವ ಮನೆಗಳಲ್ಲಿ ಅರ್ಧ ಕೊಟ್ಟಿಗೆ ಹೇಗೂ ಖಾಲಿ. ಆ ಅರ್ಧಕ್ಕೆ ಕಾರು, ಇನ್ನರ್ಧದಲ್ಲಿ ಡೇರಿಗೆ ಹಾಲು ಹಾಕಲು ಇಟ್ಟುಕೊಂಡ ಸೀಮೆಹಸು ಮತ್ತು ಅದರ ಕರು.

ನಮ್ಮ ದೊಡ್ಡಪ್ಪನ ಮನೆಯಲ್ಲೂ ಹೀಗೆಯೇ. ಅವರ ಮಗ, ನನಗೆ ತಮ್ಮನಾಗಬೇಕು, ಶಟರಿಗೆ ಮೋಟಾರು ಹಾಕಿಸಿ ಅದನ್ನು ಮನೆಯ ದೀಪ, ಫ್ಯಾನು, ಟ್ಯಾಂಕಿನ ಮೋಟಾರುಗಳ ಜೊತೆ ಒಂದೇ ವ್ಯವಸ್ಥೆಗೆ ಸೇರಿಸಲು ಹೊರಟ. ಕಾರು ಬೀದಿಗೆ ತಿರುಗಿದೊಡನೆ ಶಟರ್ ಏಳಬೇಕು, ಜನ ಇಳಿದು ಒಳಗೆ ಹೋದ ಮೇಲೆ ತಾನಾಗಿ ಇಳಿಯಬೇಕು. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡರು. "ಎಲ್ಲಾ ಸರಿ ಕಣ್ಲಾ ಮಗ, ಅದು ಇಳಿಯೋವಾಗ ಕೆಳಗೆ ಕರ ಬಂದು ನಿಂತ್ಕಂಡ್ರೆ?" ಎಂದರು. ಸ್ವಲ್ಪ ತಡೆದು ಇನ್ನೊಂದು ಕೇಳಿದರು: "ಕರೆಂಟ್ ಹೋದ್ರೆ ಹಸ ಹೆಂಗೆ ಈಚೆಗೆ ಹೊಡ್ಕಬರ್ಲಿ?"

ಇವೆರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಈ ವಿದ್ಯೆಯಲ್ಲಿ ಮುಖ್ಯವಾದದ್ದು ಸಿಕ್ಕಿತು ಎಂದೇ ನನ್ನ ಎಣಿಕೆ. ಉಳಿದದ್ದೆಲ್ಲ ತಂತಿ ಜೋಡಿಸುವ ಕೆಲಸ. ಆ ಕೆಲಸವನ್ನೂ ಸ್ವಲ್ಪ ನೋಡಿಬಿಡೋಣ.

ಶಟರಿನ ಮೋಟಾರಿಗೆ ಮೂರು ಗುಂಡಿ: ಮೇಲೆ, ಕೆಳಗೆ, ನಿಲ್ಲು. ಒಂದೊಂದು ಗುಂಡಿಯ ತಂತಿಗೂ ಒಂದು ಸಣ್ಣ ರಿಲೇ ಜೋಡಿಸುತ್ತಾರೆ. ರಿಲೇ ತಾನು ಕರೆಂಟು ಕೊಡುವುದಿಲ್ಲ, ಎರಡು ತಂತಿಯನ್ನು ಅರೆಗಳಿಗೆ ಮುಟ್ಟಿಸಿ ಬಿಡುತ್ತದೆ. ಬೆರಳು ಮಾಡುತ್ತಿದ್ದುದೂ ಅಷ್ಟನ್ನೇ. ರಿಲೇಗೆ ಅಪ್ಪಣೆ ಕೊಡುವುದು ಅಂಗೈಯಲ್ಲಿ ಅಡಗುವ ಇಎಸ್‌ಪಿ32 ಬೋರ್ಡು. ಬೋರ್ಡಿಗೆ ಅಪ್ಪಣೆ ಕೊಡುವುದು ಮನೆಯೊಳಗೇ ಇರುವ ಚಿಕ್ಕ ಕಂಪ್ಯೂಟರು. ನನ್ನ ತಮ್ಮ ಅದರಲ್ಲಿ ಹಾಕಿಕೊಂಡಿರುವುದು ‘ಹೋಮ್ ಅಸಿಸ್ಟೆಂಟ್’ ಎಂಬ ತಂತ್ರಾಂಶ. 2013ರಲ್ಲಿ ಶುರುವಾದದ್ದು, ದುಡ್ಡು ಕೊಡದೆ ಯಾರು ಬೇಕಾದರೂ ಬಳಸಬಹುದು. ಅದಕ್ಕಿಂತ ದೊಡ್ಡ ಗುಣವೆಂದರೆ, ಇಂಟರ್ನೆಟ್ ಕೈಕೊಟ್ಟರೂ ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ. ಎಲ್ಲೋ ದೂರದ ಕಂಪ್ಯೂಟರನ್ನು ಕೇಳಿ ಬಾಗಿಲು ತೆಗೆಯುವ ಸಾಧನಗಳು ಹಳ್ಳಿಗೆ ಹೇಳಿಸಿದವಲ್ಲ.

ಆದರೆ ಮುಚ್ಚು ಎನ್ನುವುದು ಬೇರೆ, ಮುಚ್ಚಿತು ಎಂದು ತಿಳಿಯುವುದು ಬೇರೆ. ರಿಲೇ ಗುಂಡಿ ಒತ್ತಿದ್ದು ಮಾತ್ರ ಕಂಪ್ಯೂಟರಿಗೆ ಗೊತ್ತು. ಶಟರ್ ನೆಲ ಮುಟ್ಟಿತೋ, ಕಬ್ಬಿನ ಜಲ್ಲೆ ಅಡ್ಡ ಸಿಕ್ಕಿ ನಡುವೆಯೇ ನಿಂತಿತೋ ಗೊತ್ತಿಲ್ಲ. ಅದಕ್ಕಾಗಿ ಶಟರಿನ ಕೆಳಪಟ್ಟಿಗೆ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಕೆಳಗೊಂದು ಮೇಲೊಂದು ರೀಡ್ ಸ್ವಿಚ್. ಅಯಸ್ಕಾಂತ ಹತ್ತಿರ ಬಂದರೆ ಗಾಜಿನ ಕೊಳವೆಯೊಳಗಿನ ಎರಡು ತೆಳು ಪಟ್ಟಿ ಕೂಡಿಕೊಳ್ಳುತ್ತವೆ, ದೂರವಾದರೆ ಬಿಡುತ್ತವೆ. ಕೆಳಗಿನದು ಕೂಡಿದರೆ ಬಾಗಿಲು ಮುಚ್ಚಿದೆ, ಮೇಲಿನದು ಕೂಡಿದರೆ ಪೂರ್ತಿ ತೆರೆದಿದೆ, ಎರಡೂ ಬಿಟ್ಟಿದ್ದರೆ ನಡುವೆ ಎಲ್ಲೋ ನಿಂತಿದೆ. ದೂಳು, ಜೇಡನ ಬಲೆ, ಆಲೆಮನೆಯ ಹೊಗೆ, ಯಾವುದಕ್ಕೂ ಇದು ಜಗ್ಗುವುದಿಲ್ಲ. ಇಡೀ ಏರ್ಪಾಟಿನಲ್ಲಿ ನನಗೆ ಅಚ್ಚುಮೆಚ್ಚಾದದ್ದು ಇದೇ.

ಹೇಳಿದ ಕೆಲಸ ಆಯಿತೇ ಎಂದು ತಿಳಿಯಬೇಕೆಂಬ ಈ ಮರ್ಮ ನಮ್ಮ ರೈತರಿಗೆ ಮೊದಲೇ ಗೊತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸೀಮೆಯಲ್ಲೂ ಬೋರ್‌ವೆಲ್ ನಂಬಿಕೊಂಡವರು ಇದ್ದಾರೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ಟಾರ್ಚು ಹಿಡಿದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಬೇಕು. ಕಾಲಡಿ ಹಾವು, ಈಚೀಚೆಗೆ ಕಬ್ಬಿನೊಳಗೆ ಚಿರತೆ. ಮೊಬೈಲ್ ಸ್ಟಾರ್ಟರ್ ಬಂದದ್ದು ಈ ಕಷ್ಟಕ್ಕೆ. ಪುಣೆಯ ಸಂತೋಷ್ ಓಸ್ತ್ವಾಲ್ ಎಂಬ ಎಂಜಿನಿಯರ್, ಪಂಪು ಹಾಕಲು ತಮ್ಮ ಅಜ್ಜ ಹೊಲಕ್ಕೆ ನಡೆಯುತ್ತಿದ್ದುದನ್ನು ನೋಡಿ ‘ನ್ಯಾನೊ ಗಣೇಶ್’ ಎಂಬ ಸಾಧನ ರೂಪಿಸಿದರು. ಮನೆಯಿಂದಲೇ ಫೋನ್ ಮಾಡಿದರೆ ಹೊಲದ ಮೋಟಾರು ಏಳುತ್ತದೆ. ಒಳ್ಳೆಯ ಸ್ಟಾರ್ಟರ್ ಅಷ್ಟಕ್ಕೇ ಸುಮ್ಮನಾಗದೆ, ಕರೆಂಟು ಇದೆಯೇ, ಮೋಟಾರು ನಿಜಕ್ಕೂ ಓಡುತ್ತಿದೆಯೇ ಎಂದೂ ತಿಳಿಸುತ್ತದೆ. ಹೀಗೆ ಆಟೊಮೇಷನ್ ನಮ್ಮ ಹಳ್ಳಿಗಳಲ್ಲಿ ಮನೆಗಿಂತ ಮೊದಲು ಗದ್ದೆಗೆ ಬಂತು. ಶೋಕಿಗೆ ಬರಲಿಲ್ಲ, ಒಬ್ಬ ಮನುಷ್ಯನ ರಾತ್ರಿಯ ನಿದ್ದೆ ಉಳಿಸಲು, ಕೆಲವೊಮ್ಮೆ ಜೀವ ಉಳಿಸಲು ಬಂತು. ಅರವತ್ತು ದಾಟಿದ, ಮಂಡಿನೋವಿನ ದೊಡ್ಡಪ್ಪ ಬಗ್ಗಿ ಶಟರ್ ಎತ್ತುವುದನ್ನು ನೋಡಿದವನಿಗೆ ತಮ್ಮನ ಆಸೆಯೂ ಶೋಕಿ ಎನಿಸಲಿಲ್ಲ.

ತಾನೇ ತೆರೆಯುವ ಬಾಗಿಲು ಎಂದಾಗ ನನಗೆ ನೆನಪಾಗುವುದು ಅಣೆಕಟ್ಟು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಮೊದಲು ಹಾಕಿದರು, ಆಮೇಲೆ ಅದೇ ಬಗೆಯವು ನಮ್ಮ ಕನ್ನಂಬಾಡಿಗೂ ಬಂದವು. ನಮಗೆ ಇನ್ನೂ ಹತ್ತಿರದ ನಿದರ್ಶನ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಮದ್ದೂರಿನ ಪಕ್ಕ ಹರಿಯುವ ಶಿಂಷೆಗೇ ಮೇಲ್ಭಾಗದಲ್ಲಿ, ಅಲ್ಲಿ ಅಣೆಕಟ್ಟು ಕಟ್ಟಿ ಸೈಫನ್ ಇಟ್ಟಿದ್ದಾರೆ. ನೀರು ಗೊತ್ತಾದ ಮಟ್ಟ ದಾಟಿದರೆ ಸೈಫನ್ನಿನೊಳಗಿನ ಗಾಳಿಯನ್ನು ನೀರೇ ಎಳೆದುಕೊಂಡು ಹೋಗುತ್ತದೆ, ಕೊಳವೆ ತುಂಬಿ ಭೋರೆಂದು ಸುರಿಯುತ್ತದೆ. ಮಟ್ಟ ಇಳಿದೊಡನೆ ಗಾಳಿ ನುಗ್ಗಿ ಸುರಿತ ನಿಲ್ಲುತ್ತದೆ. ಕಾವಲುಗಾರ ಬೇಡ, ಕರೆಂಟು ಬೇಡ. ನೀರು ಬಂತೆಂದು ಅರಿಯುವುದೂ ನೀರೇ, ದಾರಿ ಬಿಡುವ ಬಲವೂ ನೀರೇ. ಇಷ್ಟು ಚೊಕ್ಕವಾದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಶಟರಿಗೆ ಈ ಪುಣ್ಯವಿಲ್ಲ. ಅರಿಯುವುದು ಒಂದು, ಎತ್ತುವುದು ಇನ್ನೊಂದು, ಎರಡಕ್ಕೂ ಕರೆಂಟು ಬರುವುದು ಮತ್ತೆಲ್ಲಿಂದಲೋ. ಈ ಮೂರರಲ್ಲಿ ಒಂದು ತಪ್ಪಿದರೂ ಕಬ್ಬಿಣದ ಅಷ್ಟು ಭಾರ ಯಾರ ಮೇಲೋ ಇಳಿಯಬಹುದು. ಅಮೆರಿಕದಲ್ಲಿ ಗ್ಯಾರೇಜು ಬಾಗಿಲನ್ನು ಮೋಟಾರಿನಿಂದ ಎತ್ತುವುದು 1926ರಷ್ಟು ಹಿಂದೆಯೇ ಶುರುವಾಯಿತು. ಬಾಗಿಲಿನಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ ಕಾನೂನೇ ಆಯಿತು: 1993ರಿಂದ ಮನೆಗಳಿಗೆ ಮಾಡುವ ಅಂಥ ಮೋಟಾರುಗಳಿಗೆ ಅಡ್ಡ ಬಂದವರನ್ನು ಕಾಯುವ ಏರ್ಪಾಟು ಇರಲೇಬೇಕು. ಸಾಮಾನ್ಯವಾಗಿ ಅದು ಬಾಗಿಲಿನ ಎರಡೂ ಬದಿ, ನೆಲದಿಂದ ಆರಂಗುಲ ಮೀರದ ಎತ್ತರದಲ್ಲಿ ಎದುರುಬದುರಾಗಿ ಕೂರಿಸಿದ ಬೆಳಕಿನ ಕಣ್ಣು. ನಡುವೆ ಏನೇ ಬಂದು ಕಿರಣ ಕಡಿದರೂ ಇಳಿಯುವ ಬಾಗಿಲು ನಿಂತು ಹಿಂದಕ್ಕೆ ಏಳುತ್ತದೆ. ಆರಂಗುಲ ಏಕೆಂದರೆ ಅಂಬೆಗಾಲಿಡುವ ಮಗು ಅಷ್ಟು ತಗ್ಗಿನಲ್ಲಿರುತ್ತದೆ. ಹೊಸಿಲಲ್ಲಿ ಮಲಗಿದ ಕರುವಿಗೂ ಅದೇ ಎತ್ತರ ಸಾಕು.

ಆದರೆ ಬೆಳಕಿನ ಕಣ್ಣು ಕಾಯುವುದು ಒಂದು ಗೆರೆಯನ್ನು ಮಾತ್ರ. ಕರು ಗೆರೆಯ ಈಚೆ, ಕಾರಿನ ಹಿಂದೆ ಇದ್ದರೆ? ಇರುವಿಕೆಯ ಸೆನ್ಸರ್ ಬೇಕಾಗುವುದು ಇಲ್ಲಿ. ಅದರಲ್ಲಿ ಎರಡು ಜಾತಿ. ಮೆಟ್ಟಿಲ ದೀಪಕ್ಕೆ ಹಾಕುವ ಪಿಐಆರ್ ಹಳೆಯದು. ಮೈಶಾಖ ಅತ್ತಿತ್ತ ಸರಿದರೆ ಅದಕ್ಕೆ ಕಾಣುತ್ತದೆ. ಅಲ್ಲಾಡದೆ ಕೂತರೆ ಕಾಣುವುದಿಲ್ಲ. ಸುತ್ತಲಿನ ಸೆಕೆ ಮೈಶಾಖದ ಹತ್ತಿರ ಬಂದರೆ ಅದರ ಕಣ್ಣು ಇನ್ನೂ ಮಂಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಅದನ್ನು ನಂಬುವಂತಿಲ್ಲ. ಇನ್ನೊಂದು ಜಾತಿ ಮಿಲಿಮೀಟರ್ ತರಂಗದ ರೇಡಾರು. 24 ಗಿಗಾಹರ್ಟ್ಸ್ ಅಲೆ ಬಿಟ್ಟು, ತಿರುಗಿ ಬಂದುದರಲ್ಲಿ ಆಗುವ ಬಹಳ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಉಸಿರಾಡುವಾಗ ಎದೆ ಏರಿಳಿಯುವುದೂ ಅದಕ್ಕೆ ತಿಳಿಯುತ್ತದೆ. ಮಲಗಿ ಮೆಲುಕು ಹಾಕುವ ಹಸು ಅದಕ್ಕೆ ಚೆನ್ನಾಗಿ ಸಿಗುತ್ತದೆ. ಅದು ಹಸುವೋ ಮನುಷ್ಯನೋ ಎಂದು ಹೇಳಲು ಬಾರದು. ಬಾರದಿದ್ದರೆ ಏನಾಯಿತು? ಉಸಿರಿರುವ ಯಾವುದರ ಮೇಲೂ ಬಾಗಿಲು ಇಳಿಯಬಾರದು, ಅಷ್ಟೆ ತಾನೆ.

ರೇಡಾರಿಗೂ ದೋಷವಿದೆ. ತಿರುಗುವ ಫ್ಯಾನು, ಗಾಳಿಗೆ ಪಟಪಟಿಸುವ ಟಾರ್ಪಾಲು ಅದಕ್ಕೆ ಜೀವದ ಹಾಗೆ ತೋರುತ್ತವೆ. ಎಷ್ಟು ದೂರದವರೆಗೆ ನೋಡಬೇಕು, ಎಷ್ಟು ಸೂಕ್ಷ್ಮವಾಗಿರಬೇಕು ಎಂದು ಸ್ಥಳದಲ್ಲೇ ಕೂತು ತಿದ್ದಬೇಕು. ಹಾಗಾಗಿ ಅದರ ಮಾತನ್ನು ಯಾವ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದು ದೊಡ್ಡ ವಿಚಾರ. ನನ್ನ ಅಭಿಪ್ರಾಯ ಖಚಿತ: ರೇಡಾರು ಬಾಗಿಲನ್ನು ತಡೆಯಬಹುದು, ತೆರೆಯಬಾರದು. ಸುಳ್ಳು ಸುಳಿವಿಗೆ ಬಾಗಿಲು ಇಳಿಯದೆ ನಿಂತರೆ ಹೋಗುವುದು ಸ್ವಲ್ಪ ಹೊತ್ತು. ಅದೇ ಸುಳ್ಳಿಗೆ ನಡುರಾತ್ರಿ ತೆರೆದುಕೊಂಡರೆ ಹೋಗುವುದು ಹಸು. ಬೆಳಕಿನ ಕಣ್ಣಿನ ತಂತಿ ನೇರ ಮೋಟಾರಿಗೇ ಹೋಗಬೇಕು. ವೈಫೈ, ಕಂಪ್ಯೂಟರು ಎಲ್ಲ ಸತ್ತು ಬಿದ್ದಿದ್ದರೂ ಅದು ತನ್ನ ಕಾವಲು ಬಿಡಬಾರದು. ಇಳಿಯುವ ಮೊದಲು ಒಂದು ಬಜರ್ ಕೂಗಿದರೆ ಇನ್ನೂ ಒಳ್ಳೆಯದು. ದನಗಳೂ ಆ ಸದ್ದನ್ನು ಬೇಗ ಕಲಿಯುತ್ತವೆ.

ಇನ್ನು ದೊಡ್ಡವ್ವನ ಎರಡನೆಯ ಪ್ರಶ್ನೆ. ಕರೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೆಮ್ಮೆಯೂ ಇದೆ, ನೋವೂ ಇದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಹುಟ್ಟಿದ ಸೀಮೆಯ ಹಳ್ಳಿಗಳು ಮಾತ್ರ ಬಹಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾದವು. ಈಗ ಮನೆಮನೆಗೂ ಕರೆಂಟು ಬಂದಿದೆ, ಮಳೆಗಾಲದಲ್ಲಿ ತೆಂಗಿನ ಗರಿ ಬಿದ್ದರೆ ಹೋಗುವುದೂ ಇದೆ. ಹೋದಾಗ ಶಟರನ್ನು ಕೈಯಿಂದ ಎತ್ತಲು ಮೋಟಾರಿನ ಪಕ್ಕ ಚೈನು ಇರುತ್ತದೆ. ಅದನ್ನು ಕೆಲಸದವರು ಮೇಲೆ ಸುತ್ತಿ ಕಟ್ಟಿ ಹೋಗಿಬಿಡುತ್ತಾರೆ, ಕೈಗೆಟುಕುವಂತೆ ಇಳಿಬಿಡಿಸಬೇಕು. ಕೊಟ್ಟಿಗೆಗೆ ಬೇರೆಯೇ ಒಂದು ಸಣ್ಣ ಮರದ ಬಾಗಿಲು ಉಳಿಸಿಕೊಂಡರೆ ನೆಮ್ಮದಿ. ಕರೆಂಟು ಹೋದಾಗಿನಷ್ಟೇ ಅಪಾಯ ತಿರುಗಿ ಬಂದಾಗಲೂ ಇದೆ. ಬೋರ್ಡು ಎಚ್ಚರಾಗುವ ಕ್ಷಣದಲ್ಲಿ ಕೆಲವು ರಿಲೇಗಳು ಒಮ್ಮೆ ಟಕ್ ಎಂದು ಕೂಡಿಬಿಡುತ್ತವೆ, ಯಾರೂ ಹೇಳದೆ ಶಟರ್ ಏಳುತ್ತದೆ. ಎಚ್ಚರಾದಾಗ ರಿಲೇ ಬಿಟ್ಟೇ ಇರಬೇಕು ಎಂದು ಮೊದಲೇ ಬರೆದಿಡುವುದು, ಮೇನ್ ಸ್ವಿಚ್ ಆರಿಸಿ ಹಾಕಿ ಕಣ್ಣಾರೆ ನೋಡುವುದು, ಇವನ್ನು ಬಿಡಲೇಬಾರದು.

ಹಳೆಯ ಮನೆಯ ಕ್ರಮಗಳನ್ನು ಈ ವ್ಯವಸ್ಥೆಯೊಳಗೆ ತರುವುದು ನನಗೆ ತುಂಬ ಇಷ್ಟವಾದ ಭಾಗ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಿಲ ಬಾಗಿಲು ಮುಚ್ಚಿರಬೇಕು, ಲಕ್ಷ್ಮಿ ಬರುವ ಹೊತ್ತು ಎಂದು ನಮ್ಮ ಅವ್ವಂದಿರು ಹೇಳುತ್ತಾರೆ. ಹೋಮ್ ಅಸಿಸ್ಟೆಂಟಿಗೆ ಗಡಿಯಾರದ ಹೊತ್ತನ್ನೇ ಕೊಡಬೇಕೆಂದಿಲ್ಲ, ಸೂರ್ಯ ಮುಳುಗುವ ಹೊತ್ತು ಎಂದರೂ ಸಾಕು. ಊರಿನ ಅಕ್ಷಾಂಶ ರೇಖಾಂಶ ಹಿಡಿದು ದಿನದಿನದ ಮುಳುಗು ಹೊತ್ತನ್ನು ಲೆಕ್ಕ ಹಾಕಿಕೊಳ್ಳುತ್ತದೆ. ದೊಡ್ಡಪ್ಪನ ಮನೆಯಲ್ಲಿ ಆ ಹೊತ್ತಿಗೆ ಹಿತ್ತಿಲ ಬಾಗಿಲು ತೆರೆದೇ ಇದ್ದರೆ ಒಂದು ದೀಪ ಮಿನುಗಿ ನೆನಪಿಸುತ್ತದೆ. ದೊಡ್ಡವ್ವನಿಗೆ ಇದು ಹಿಡಿಸಿದೆ.

ಬೇಡದ ಕಡೆ ಬೇಡ ಎನ್ನುವುದೂ ಅವರಿಗೆ ಗೊತ್ತು. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸಪ್ಪನನ್ನು, ಅಂದರೆ ದೇವರ ಬಸವನನ್ನು, ಭಕ್ತರು ಮನೆಗೆ ಬರಮಾಡಿಕೊಳ್ಳುತ್ತಾರೆ. ಬೀದಿಯಲ್ಲಿ ಬಸಪ್ಪ ಬಂದಾಗ ಮನೆಯವರು ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿರಬೇಕು. "ಆವತ್ತು ನಿನ್ ಸೆನ್ಸರ್ ಆರ್ಸ್ಬುಡು ಮಗ, ಬಾಗ್ಲು ನಾನೇ ತೆಗೀತೀನಿ" ಎಂದರು ದೊಡ್ಡವ್ವ. ತಮ್ಮ ಅದಕ್ಕೆಂದೇ ಗೋಡೆಗೆ ಒಂದು ಸ್ವಿಚ್ ಹಾಕಿಕೊಟ್ಟಿದ್ದಾನೆ. ಅದನ್ನು ಒತ್ತಿದರೆ ಇಡೀ ವ್ಯವಸ್ಥೆ ಸುಮ್ಮನಾಗಿ ಶಟರ್ ಬರೀ ಶಟರ್ ಆಗುತ್ತದೆ. ಅಂಥದೊಂದು ಸ್ವಿಚ್ ಪ್ರತಿ ಮನೆಯಲ್ಲೂ ಇರಬೇಕು.

ಮದ್ದೂರಿನಲ್ಲೋ ಮಂಡ್ಯದಲ್ಲೋ ಶಟರ್ ಮೋಟಾರು ಕೊಳ್ಳಲು ಹೋಗುವವರಲ್ಲಿ ನನ್ನದೊಂದು ವಿನಂತಿ. ಮೊಬೈಲಿನಲ್ಲಿ ತೆರೆಯುತ್ತದೆಯೇ ಎಂದು ಆಮೇಲೆ ಕೇಳಿ. ಬೆಳಕಿನ ಕಣ್ಣು ಜೊತೆಗೆ ಕೊಡುತ್ತೀರಾ ಎಂದು ಮೊದಲು ಕೇಳಿ. ಕೂರಿಸಿದ ದಿನ ಕಿರಣಕ್ಕೆ ಅಡ್ಡವಾಗಿ ಒಂದು ಗೋಣಿಚೀಲ ಇಟ್ಟು ಶಟರ್ ಇಳಿಸಿ ನೋಡಿ. ಆಮೇಲೆ ಮೇನ್ ಆರಿಸಿ, ಮನೆಯ ಹಿರಿಯ ಹೆಂಗಸಿನ ಕೈಗೆ ಚೈನು ಕೊಡಿ. ಅವರಿಂದ ಎತ್ತಲು ಆಗದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ, ಕೂಲಿ ಪೂರ್ತಿ ಕೊಡಬೇಡಿ.