ಒಂದು ಗುಂಡಿನ ಲೆಕ್ಕ (ಭಾಗ 4)

ಬಸವಕಲ್ಯಾಣದಿಂದ ಹುಮನಾಬಾದ್ ಬಸ್ಸು. ರಾಜೇಶ್ವರ ದಾಟಿದ ಮ್ಯಾಲ ಕಡಲಿ ಹೊಲದಾಗ ಚಿಗರಿ ಹಿಂಡು ಕಂಡಿತು. ಬಾಜೂಕಿನ ದೋಸ್ತ ಅಂದ: "ಎಷ್ಟ್ ಹತ್ರ ಅದಾವಲೇ, ಒಂದೇ ಗುಂಡು ಸಾಕು." ನಾನೂ ನಕ್ಕೆ.

ರಾತ್ರಿ ಮುತ್ಯಾಗ ಹೇಳಿದೆ. 1972ರ ಕಾಯ್ದೆ ಬರೋಕಿಂತ ಮುಂಚೆ ಮುತ್ಯಾ ಶಿಕಾರಿ ಮಾಡೋರ ಚೀಲ ಹೊತ್ತಾನ. ಅವ ನಗಲಿಲ್ಲ.

"ಹತ್ರದಾಗ ಗುಂಡಿನ ವೇಗ ಭಾಳ. ಮೂತಿ ಮೆತ್ತಗಿದ್ರ ಎಲುಬಿಗೆ ಬಡದು ಒಳಗೇ ಚೂರಾಗ್ತದ, ಮಾಂಸ ಹಾಳು. ಗಟ್ಟಿ ಗುಂಡು ಸಣ್ಣ ತೂತು ಮಾಡಿ ಆಚೀಗಿ ಹೋಗ್ತದ. ಎದಿಗೆ ಬಿದ್ರೂ ಚಿಗರಿ ನೂರು ಹೆಜ್ಜಿ ಓಡಬಹುದು. ಹೊಟ್ಟಿಗೆ ಬಿದ್ರ ತಾಸುಗಟ್ಟಲೆ ನರಳ್ತದ."

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಒಮ್ಮೆ ರಕ್ತದ ಜಾಡು ಹಿಡದು ಹೋದೆ. ಜ್ವಾಳದಾಗ ಬಿದ್ದಿತ್ತು, ನನ್ನೇ ನೋಡ್ಲತ್ತಿತ್ತು. ಮರುದಿನದಿಂದ ಚೀಲ ಹೊರಲಿಲ್ಲ."

ಈಗ ಕೃಷ್ಣಮೃಗ ಕೊಂದರೆ 3ರಿಂದ 7 ವರ್ಷ ಜೈಲು. ಚಿಗರಿ ನಮ್ಮ ಕಡಲಿನೂ ತಿಂತಾವ, ಸುಳ್ಳಲ್ಲ. ಅಪ್ಪ ಬೆಳಿ ಪರಿಹಾರಕ್ಕ ಅರ್ಜಿ ಹಾಕ್ಯಾನ. ಬಿಕಾಂ ಓದೋನು ನಾನು, ನಷ್ಟದ ಲೆಕ್ಕ ಗೊತ್ತದ. ಆದ್ರ 'ಒಂದೇ ಗುಂಡು' ಅನ್ನೋ ಲೆಕ್ಕ ತಪ್ಪು.

ನಾಳೆ ಬಸ್ಸಿನಾಗ ದೋಸ್ತಗ ಹೇಳ್ತೀನಿ. ನಿಮ್ಮ ಮುತ್ಯಾನ ಕಥಿ ಏನ್ರಿ? ಕಮೆಂಟ್ ಮಾಡ್ರಿ.

#ಚಿಗರಿ #ಬಸವಕಲ್ಯಾಣ #ಹುಮನಾಬಾದ್