ಬೀಗರ ಕೊಳಕ್ಕೆ ನಾನು ಬಿಟ್ಟ ಜಿಲೇಬಿ

ವಿಶಾಖಪಟ್ಟಣಕ್ಕೆ ಬಂದು 31 ವರ್ಷವಾಯಿತು, ತಲೆಯೊಳಗೆ ಮಾತ್ರ ಇನ್ನೂ ಸೊರಬದ ಕೆರೆಗಳೇ. ಮಗಳನ್ನು ವಿಜಯವಾಡದ ತೆಲುಗು ಮನೆಗೆ ಕೊಟ್ಟಿದ್ದೇವೆ. ಬೀಗರಿಗೆ ಗನ್ನವರಂ ಕಡೆ ತೋಟವಿದೆ, ಅದರಲ್ಲೊಂದು ಅರ್ಧ ಎಕರೆಯ ಮೀನುಕೊಳ. 2022ರ ದಸರೆಗೆ ರತ್ನಾಚಲ್ ಹತ್ತಿ ಹೋದವನು ಅಲ್ಲೊಂದು ಘನಕಾರ್ಯ ಮಾಡಿದೆ. ಕಾಲುವೆ ದಂಡೆಯಲ್ಲಿ ಹುಡುಗರು ಹಿಡಿದಿದ್ದ ಇಪ್ಪತ್ತು ಜಿಲೇಬಿ ಮೀನಿನ ಮರಿಗಳನ್ನು, ಮೊಮ್ಮಗ ನೋಡಲಿ ಅಂತ, ಬಕೆಟ್‌ನಲ್ಲಿ ತಂದು ಕೊಳಕ್ಕೆ ಬಿಟ್ಟೆ. ಬೀಗರು ಮನೆಯಲ್ಲಿರಲಿಲ್ಲ.

ಯುಗಾದಿಗೆ ಹೋದರೆ ಕೊಳದ ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಎಲ್ಲಿ ನೋಡಿದರೂ ಬೆರಳುದ್ದದ ಜಿಲೇಬಿ! ಆಷಾಢದಲ್ಲಿ ಬಿಟ್ಟಿದ್ದ ಬೊಚ್ಚೆ (ಕಾಟ್ಲಾವನ್ನು ಇಲ್ಲಿ ಹಾಗೆನ್ನುತ್ತಾರೆ) ಅಷ್ಟು ಹೊತ್ತಿಗೆ ಕಿಲೋ ಹತ್ತಿರ ಬರಬೇಕಿತ್ತು, ಬಲೆಗೆ ಬಂದವು ಕಾಲು ಕಿಲೋ ಕೂಡ ಇರಲಿಲ್ಲ. ಹಾಕಿದ ತೌಡೆಲ್ಲ ಜಿಲೇಬಿ ಪಾಲಾಗಿತ್ತು. ಬೀಗರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಮೀನೂ ನಮ್ಮ ಹಾಗೆ ವಲಸೆ ಬಂದದ್ದೇ. ಆಫ್ರಿಕಾದ್ದು, ಭಾರತಕ್ಕೆ ತಂದದ್ದು 1952ರಲ್ಲಿ. 1959ರಲ್ಲಿ ಇದನ್ನು ಹರಡಬಾರದು ಅಂತ ನಿಷೇಧ ಹಾಕಿದರು, ಅದು ಕೇಳಬೇಕಲ್ಲ! ಎರಡು ಮೂರು ತಿಂಗಳಿಗೇ ಬಾಣಂತಿ, ಮೊಟ್ಟೆ ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ. ಜಾಗ ಇಕ್ಕಟ್ಟಾದರೆ ಮೈ ಬೆಳೆಯುವುದಿಲ್ಲ, ಸಂಸಾರ ಮಾತ್ರ ಬೆಳೆಯುತ್ತದೆ. ಬೀಗರ ತೋಟಕ್ಕೆ ಹತ್ತಿರದ ಮಣಿಕೊಂಡದಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದವರು ಸುಧಾರಿತ ಜಿಲೇಬಿಯ ಗಂಡು ಮರಿಗಳನ್ನೇ ಬೆಳೆಸಲು ಹೊರಟದ್ದು ಇದಕ್ಕೇ.

ಮೂರು ಸಲ ಬಲೆ ಎಳೆಸಿದೆವು. ಬುಟ್ಟಿಗಟ್ಟಲೆ ಬಂತು, ತಿಂಗಳೊಳಗೆ ಮತ್ತೆ ಅಷ್ಟೇ. "ಕೊರಮೀನು ಬಿಟ್ಟರೆ ಮರಿ ತಿನ್ನುತ್ತದಲ್ಲ?" ಅಂದೆ. "ಇಷ್ಟನ್ನು ಅದು ತಿಂದು ಮುಗಿಸುವುದು ಯಾವ ಕಾಲಕ್ಕೆ ಬಾವಗಾರೂ?" ಅಂದರು ಬೀಗರು. ಈ ವಿಷಯದಲ್ಲಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಮೋಟಾರು ಹಚ್ಚಿದರು. ಮರಿ ಕಾಲುವೆ ಸೇರಬಾರದು ಅಂತ ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟಿ ನೀರನ್ನು ತೆಂಗಿನ ಬುಡಕ್ಕೆ ಹರಿಸಿದೆವು. ನೀರು ಮೊಣಕಾಲಿಗೆ ಇಳಿದಾಗ ಅಕ್ಕಪಕ್ಕದವರೆಲ್ಲ ಬುಟ್ಟಿ ಹಿಡಿದು ಬಂದರು. ನಾನೂ ಪಂಚೆ ಎತ್ತಿ ಕಟ್ಟಿ ಇಳಿದೆ. ಥೇಟ್ ನಮ್ಮೂರ ಕೆರೆಬೇಟೆ! ಕೈಯಲ್ಲಿ ಕೂಣಿ ಇಲ್ಲ ಅನ್ನುವುದೊಂದೇ ಕೊರತೆ. ಉಳಿದ ಗುಂಡಿಯ ನೀರಿಗೆ ಹಿಪ್ಪೆ ಹಿಂಡಿ ಕಲಸಿದರು. ಅದು ಮೀನಿಗೆ ವಿಷ, ಆಮೇಲೆ ಕೊಳಕ್ಕೇ ಗೊಬ್ಬರ. ಕೆಸರು ಬಿರುಕು ಬಿಡುವ ತನಕ ಕೊಳ ಒಣಗಿತು. ಬೊಚ್ಚೆ ಸಿಕ್ಕಿದ ಬೆಲೆಗೆ ಹೋಯಿತು. ನಷ್ಟದಲ್ಲಿ ಅರ್ಧ ನಾನು ಕೊಡುತ್ತೇನೆ ಅಂದರೆ ಬೀಗರು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಷಾಢದಲ್ಲಿ ಹೊಸ ನೀರು, ಹೊಸ ಬೊಚ್ಚೆ. ಅವು ಅಂಗೈಗಿಂತ ದೊಡ್ಡದಾದ ಮೇಲೆ ಮೂವತ್ತು ಕೊರಮೀನನ್ನೂ ಬಿಟ್ಟರು, ಮೊದಲೇ ಬಿಟ್ಟಿದ್ದರೆ ಬೊಚ್ಚೆ ಮರಿಯನ್ನೇ ನುಂಗುತ್ತಿದ್ದವು. ಆ ವರ್ಷದ ದಸರೆಗೆ ಹೋದಾಗ ಬೀಗಿತ್ತಿ ಬಾಗಿಲಲ್ಲೇ ನನ್ನ ಚೀಲ ಇಸಿದುಕೊಂಡು ಒಳಗೆ ಇಣುಕಿ ನೋಡಿದರು.

"ಅನ್ನಯ್ಯಗಾರೂ, ಬಕೆಟ್ ತಂದಿಲ್ಲ ತಾನೇ?"