ತೋಳು ಚಾಚಿ ನಿಂತ ವೀರ

‘ಸ್ಕೈರಿಮ್’ ಎಂಬ ವಿಡಿಯೊ ಆಟ ಹೊರಬಂದದ್ದು 2011ರಲ್ಲಿ. ಅದರ ಪಾತ್ರಗಳಿಗೆ ಹೊಸ ನಡಿಗೆ, ಹೊಸ ಕತ್ತಿವರಸೆಗಳನ್ನು ಅಭಿಮಾನಿಗಳೇ ರಚಿಸಿ ಹಂಚಿದರು. 2016ರಲ್ಲಿ ಆಟವು 32 ಬಿಟ್ಟಿನ ಹಳೆಯ ಮನೆಯಿಂದ 64 ಬಿಟ್ಟಿನ ಹೊಸ ಮನೆಗೆ ಬಂದಿತು. ಹಳೆಯ ಚಲನೆಗಳನ್ನು ಹಾಗೆಯೇ ಹೊತ್ತು ತಂದವರಿಗೆ ಕಂಡದ್ದೇನು? ಹುಲಿಯಂತೆ ನಡೆಯುತ್ತಿದ್ದ ವೀರ, ತೋಳುಗಳೆರಡನ್ನೂ ಚಾಚಿ ಹೊಲದ ಬೆದರುಬೊಂಬೆಯಂತೆ ನಿಂತಿದ್ದ!

ಮೂಳೆಗಳು ಅವೇ, ಹೆಜ್ಜೆಗಳೂ ಅವೇ. ಕಡತದೊಳಗೆ ಅವುಗಳನ್ನು ಜೋಡಿಸಿದ ಕ್ರಮ ಮಾತ್ರ ಬೇರೆ. ಪರಿವರ್ತಕ ತಂತ್ರಾಂಶ ಆ ಕ್ರಮವನ್ನು ತಿದ್ದಿ ಬರೆದರೆ ವೀರನಿಗೆ ಮತ್ತೆ ಜೀವ. ಆದರೆ ಬರೆಸುವವರು ಬೇಕಲ್ಲ! ರಚಿಸಿದಾತ ಆಟವನ್ನೇ ಮರೆತಿದ್ದರೆ, ಅಪರಿಚಿತನೊಬ್ಬ ಆ ಹೊರೆ ಹೊರಬೇಕು.

ಸವೆದ ಓಲೆಯಿಂದ ಹೊಸ ಓಲೆಗೆ ಕಾವ್ಯವನ್ನು ಇಳಿಸಿದ ಲಿಪಿಕಾರರೂ ಇಂಥವರೇ. ಒಂದು ಪದ್ಯವನ್ನೂ ಕಟ್ಟದ ಆ ಕೈಗಳಿಂದಲೇ ಹಳಗನ್ನಡದ ಕವಿಗಳು ಉಳಿದರು.